ಸ್ಟೆಂಟ್ ಹಾಕಿಸಿದ ಮೇಲೆ ಹೆಂಗಸರ ಕಥೆ ಬೇರೆ, ಗಂಡಸರ ಕಥೆ ಬೇರೆನಾ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನನ್ನ ಮೆಡಿಕಲ್ ಶಾಪ್ ಇದೆ. ಇಪ್ಪತ್ತೆರಡು ವರ್ಷದಿಂದ ಅದೇ ಕೌಂಟರ್ ಹಿಂದೆ ನಿಂತಿದ್ದೇನೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಸ್ಟೆಂಟ್ ಹಾಕಿಸಿಕೊಂಡವರು ತಿಂಗಳಿಗೊಮ್ಮೆ ಬರುತ್ತಾರೆ, ಚೀಟಿ ಕೊಡುತ್ತಾರೆ, ನಾನು ಮಾತ್ರೆ ತೆಗೆಯುವಷ್ಟರಲ್ಲಿ ಏನಾದರೂ ಒಂದು ಕೇಳುತ್ತಾರೆ. ಗಂಡಸರು ಜೋರಾಗಿಯೇ ಕೇಳುತ್ತಾರೆ. ಹೆಂಗಸರು ಪಕ್ಕದಲ್ಲಿ ನಿಂತವರು ಹೋಗಲಿ ಅಂತ ಕಾಯುತ್ತಾರೆ. ಆ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ನಮ್ಮಪ್ಪ, ಅಮ್ಮ ಇಬ್ಬರಿಗೂ ಸ್ಟೆಂಟ್ ಇದೆ, ಹಾಗಾಗಿ ಕೆಲವು ಪ್ರಶ್ನೆ ನನ್ನವೂ ಹೌದು.

ಹೆಂಗಸರಿಗೆ ಹಾಕೋ ಸ್ಟೆಂಟೇ ಬೇರೆ ಇರುತ್ತಾ?

ಇಲ್ಲ. ಅದೇ ಸ್ಟೆಂಟ್, ಅದೇ ಕಂಪನಿ, ಅದೇ ಬೆಲೆ. ನಮ್ಮ ಕಡೆ ಕೆಲವರು ಸ್ಪ್ರಿಂಗ್ ಅನ್ನುತ್ತಾರೆ, ಕೆಲವರು ಸ್ಟಂಟ್ ಅನ್ನುತ್ತಾರೆ. ತೆಳ್ಳಗಿನ ಲೋಹದ ಜಾಲರಿ ಕೊಳವೆ ಅದು. ಬಲೂನಿನ ಮೇಲೆ ಸುತ್ತಿ ಹೃದಯದ ರಕ್ತನಾಳದೊಳಗೆ ತಳ್ಳಿ, ಬ್ಲಾಕ್ ಇರುವ ಜಾಗದಲ್ಲಿ ಅರಳಿಸುತ್ತಾರೆ. ಈಗ ಹಾಕುವುದು ಹೆಚ್ಚುಕಮ್ಮಿ ಎಲ್ಲವೂ ಔಷಧಿ ಲೇಪಿಸಿದ ಸ್ಟೆಂಟ್. ಒಳಗೆ ಮತ್ತೆ ಮಾಂಸ ಬೆಳೆದು ದಾರಿ ಮುಚ್ಚದಿರಲಿ ಅಂತ ಆ ಔಷಧಿ.

ಬೇರೆ ಇರುವುದು ಅಳತೆ. ಹೆಂಗಸರ ಹೃದಯದ ರಕ್ತನಾಳ ಸಾಮಾನ್ಯವಾಗಿ ಸಣ್ಣದು. ಮೈಕಟ್ಟು ಸಣ್ಣದು ಅನ್ನೋದೊಂದೇ ಕಾರಣ ಅಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸ್ವಲ್ಪ ಸಣ್ಣದೇ. ಸಣ್ಣ ನಾಳದಲ್ಲಿ ಸಣ್ಣ ಸ್ಟೆಂಟ್. ಒಳಗೆ ಒಂದು ಪದರ ಬೆಳೆದರೂ ಅಲ್ಲಿ ದಾರಿ ಬೇಗ ಕಿರಿದಾಗುತ್ತದೆ. ಅರ್ಧ ಇಂಚಿನ ಪೈಪು, ಎರಡು ಇಂಚಿನ ಪೈಪು ಎರಡರಲ್ಲೂ ಒಂದೇ ದಪ್ಪ ಉಪ್ಪು ಕಟ್ಟಿದರೆ ಯಾವುದರಲ್ಲಿ ಮೊದಲು ನೀರು ನಿಲ್ಲುತ್ತೆ? ಬೋರ್‌ವೆಲ್ ನೀರು ಕುಡಿಯುವ ನಮ್ಮ ಜಿಲ್ಲೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಹಾಗಾದ್ರೆ ಸ್ಟೆಂಟ್ ಹಾಕಿಸಿದ ಮೇಲೆ ಯಾರು ಚೆನ್ನಾಗಿರ್ತಾರೆ, ಗಂಡಸರಾ ಹೆಂಗಸರಾ?

ಇದಕ್ಕೆ ಒಂದು ಗೆರೆಯ ಉತ್ತರ ಇಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ.

2020ರಲ್ಲಿ ದೊಡ್ಡ ಲೆಕ್ಕವೊಂದು ಪ್ರಕಟವಾಯಿತು. 21 ಪ್ರಯೋಗಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡ 32,877 ಜನರ ಐದು ವರ್ಷದ ಮಾಹಿತಿ ಒಟ್ಟುಗೂಡಿಸಿ ನೋಡಿದರು. ಹೃದಯದ ಕಾರಣಕ್ಕೆ ಆದ ಸಾವು, ಹಾರ್ಟ್ ಅಟ್ಯಾಕ್, ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ ಇವನ್ನೆಲ್ಲ ಸೇರಿಸಿ ಎಣಿಸಿದರೆ ಹೆಂಗಸರಲ್ಲಿ ನೂರಕ್ಕೆ 18.9, ಗಂಡಸರಲ್ಲಿ 17.7. ಅಂದರೆ ಹೆಂಗಸರದ್ದು ಸ್ವಲ್ಪ ಜಾಸ್ತಿ. ಹೆದರುವಷ್ಟಲ್ಲ, ಕಡೆಗಣಿಸುವಷ್ಟೂ ಅಲ್ಲ.

ಇನ್ನೊಂದು ವಿಷಯ ಇದೆ. ಹೆಂಗಸರು ಚಿಕಿತ್ಸೆಗೆ ಬರುವಾಗಲೇ ವಯಸ್ಸಾಗಿರುತ್ತದೆ. ಶುಗರ್, ಬಿಪಿ, ಕಿಡ್ನಿ ತೊಂದರೆ ಜೊತೆಗಿರುತ್ತವೆ. ಆ ಹೊರೆಯನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೆ ಸಾವಿನ ವ್ಯತ್ಯಾಸ ಉಳಿಯಲಿಲ್ಲ. ಉಳಿದದ್ದು, ಅದೇ ಜಾಗ ಮತ್ತೆ ಕಟ್ಟಿಕೊಂಡು ಎರಡನೇ ಸಲ ಚಿಕಿತ್ಸೆ ಬೇಕಾಗುವುದು. ಅದು ಹೆಂಗಸರಲ್ಲಿ ಆಗಲೂ ಹೆಚ್ಚೇ ಇತ್ತು.

ಇಲ್ಲಿ ನನಗೆ ಕಿರಿಕಿರಿ ಆಗುವ ಅಂಶವೂ ಒಂದಿದೆ. ಆ 32,877 ಜನರಲ್ಲಿ ಹೆಂಗಸರು ನೂರಕ್ಕೆ 28 ಕೂಡ ಇರಲಿಲ್ಲ. ಹೃದಯದ ಚಿಕಿತ್ಸೆಯ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಗಂಡಸರನ್ನು ನೋಡಿ ಕಲಿತದ್ದು. ಹಾಗಂತ ಸ್ಟೆಂಟ್ ಹೆಂಗಸರಿಗೆ ಆಗಿಬರಲ್ಲ ಅಂದುಕೊಳ್ಳಬೇಡಿ. 26 ಪ್ರಯೋಗಗಳಲ್ಲಿದ್ದ 11,557 ಹೆಂಗಸರ ಮಾಹಿತಿಯನ್ನೇ ಪ್ರತ್ಯೇಕವಾಗಿ ತೆಗೆದು 2013ರಲ್ಲಿ ಪ್ರಕಟಿಸಿದ್ದಾರೆ. ಔಷಧಿ ಲೇಪಿಸಿದ ಸ್ಟೆಂಟು, ಅದರಲ್ಲೂ ಹೊಸ ತಲೆಮಾರಿನದು, ಬರೀ ಲೋಹದ ಸ್ಟೆಂಟಿಗಿಂತ ಹೆಂಗಸರಲ್ಲಿ ಚೆನ್ನಾಗಿಯೇ ಕೆಲಸ ಮಾಡಿದೆ.

ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಬರೋದೇ ಕಮ್ಮಿ ಅಲ್ವಾ?

ಮುಟ್ಟು ನಿಲ್ಲುವವರೆಗೆ ಕಮ್ಮಿ ಅನ್ನುವುದು ನಿಜ. 52 ದೇಶಗಳ ಜನರನ್ನು ಸೇರಿಸಿ ಮಾಡಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೆಂಗಸರಿಗೆ ಮೊದಲ ಹಾರ್ಟ್ ಅಟ್ಯಾಕ್ ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಬಂದಿತ್ತು. ಆ ಅಧ್ಯಯನ ಮುನ್ನಡೆಸಿದ ಡಾ. ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು: ನಮ್ಮ ದಕ್ಷಿಣ ಏಷ್ಯಾದವರಿಗೆ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ. ಹಾಗಾಗಿ ‘ಹೆಂಗಸು, ಇನ್ನೂ ಐವತ್ತು’ ಅಂತ ನಿರಾಳವಾಗಿ ಕೂರುವ ಹಾಗಿಲ್ಲ.

ಆ ಒಂಬತ್ತು ವರ್ಷದ ಮುಂಗಡವನ್ನು ಕಸಿದುಕೊಳ್ಳುವವು ಕೆಲವಿವೆ. ಮೊದಲನೆಯದು ಶುಗರ್. ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ 2014ರಲ್ಲಿ ನೋಡಿದಾಗ, ಶುಗರ್ ಇದ್ದರೆ ಹೃದಯದ ರಕ್ತನಾಳದ ಕಾಯಿಲೆಯ ಸಂಭವ ಗಂಡಸರಲ್ಲಿ ಎರಡು ಪಟ್ಟಿನ ಆಸುಪಾಸು, ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚುತ್ತಿತ್ತು. ಎರಡನೆಯದು, ಚಿಕ್ಕ ವಯಸ್ಸಿಗೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡಿರುವುದು. ನಮ್ಮ ಹಳ್ಳಿಗಳಲ್ಲಿ ಮೂವತ್ತೈದಕ್ಕೆಲ್ಲ ‘ಆಪರೇಷನ್ ಆಗಿದೆ’ ಅನ್ನುವವರು ಎಷ್ಟು ಜನ! ಮೂರನೆಯದು, ಬಸುರಿಯಾಗಿದ್ದಾಗ ಬಿಪಿ ಏರಿದ್ದು, ಶುಗರ್ ಬಂದದ್ದು. ಹೆರಿಗೆ ಆದ ಮೇಲೆ ಎಲ್ಲರೂ ಅದನ್ನು ಮರೆತುಬಿಡುತ್ತಾರೆ. ಹೃದಯದ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳದಿದ್ದರೂ ಇದನ್ನು ಹೇಳಿ.

ಇನ್ನು ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ. ಬೀಡಿ ಸೇದುವ ಗಂಡನಿಗೆ ಬಯ್ಯುವ ಅಜ್ಜಿಯ ಸೆರಗಿನ ಗಂಟಲ್ಲೇ ಅದು ಇರುತ್ತದೆ. ಅದೂ ತಂಬಾಕೇ.

ನಮ್ಮತ್ತೆಗೆ ಎದೆನೋವೇ ಬರಲಿಲ್ಲ. ಬರೀ ಸುಸ್ತು, ಬೆವರು. ಅದು ಹಾರ್ಟ್ ಅಟ್ಯಾಕ್ ಹೇಗೆ ಆಗುತ್ತೆ?

ಆಗುತ್ತದೆ. ನಮ್ಮಮ್ಮನಿಗೆ ಆದದ್ದು ಹಾಗೇ.

ನಮ್ಮ ಊರು ಗುಬ್ಬಿ ತಾಲೂಕಿನಲ್ಲಿ. ಅಮ್ಮನಿಗೆ ಆಗ 64. ಬೆಳಗಿನ ಜಾವ ಹಾಲು ಕರೆಯುತ್ತಾ ಕೂತಿದ್ದಾಗ ದವಡೆ ಹಿಡಿದಂತಾಯಿತಂತೆ. ಬೆವರು ಕಿತ್ತುಕೊಂಡು ಬಂತು, ಹೊಟ್ಟೆ ತೊಳಸಿತು. ಬಕೆಟ್ ಪಕ್ಕಕ್ಕಿಟ್ಟು ಐದು ನಿಮಿಷ ಗೋಡೆಗೆ ಒರಗಿದಳು. ಆಮೇಲೆ ಉಳಿದ ಹಾಲು ಕರೆದು, ಡೈರಿಗೆ ಹಾಕಿ, ಜೀರಿಗೆ ಕಷಾಯ ಕುಡಿದು ಮಲಗಿದಳು. ಮಧ್ಯಾಹ್ನ ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಗ್ಯಾಸ್ಟ್ರಿಕ್ ಅಂತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ಆದದ್ದು ಮಾರನೇ ದಿನ ನಾನು ಹೋಗಿ ಕರೆತಂದ ಮೇಲೆ. ಸ್ಟೆಂಟ್ ಚೆನ್ನಾಗಿಯೇ ಕೂತಿತು. ಆದರೆ ಹೃದಯದ ಪಂಪಿಂಗ್ ನೂರಕ್ಕೆ 40ಕ್ಕೆ ಇಳಿದಿತ್ತು. ಇವತ್ತಿಗೂ ಮಹಡಿ ಹತ್ತಿದರೆ ಏದುಸಿರು.

ಅದಕ್ಕಿಂತ ನಾಲ್ಕು ವರ್ಷ ಮೊದಲು ಅಪ್ಪನಿಗೆ ಎದೆ ಹಿಡಿದಾಗ ಏನಾಗಿತ್ತು ಗೊತ್ತಾ? ‘ಎದೆ’ ಅಂದದ್ದೇ ತಡ, ಪಕ್ಕದ ಮನೆಯವರ ಕಾರು ಅಂಗಳದಲ್ಲಿ ನಿಂತಿತ್ತು. ಒಂದೂವರೆ ಗಂಟೆಯಲ್ಲಿ ಅಪ್ಪ ಸ್ಟೆಂಟ್ ಹಾಕುವ ಕೋಣೆ, ಅಂದರೆ ಕ್ಯಾತ್‌ಲ್ಯಾಬ್ ಒಳಗಿದ್ದರು. ಕಾರು ಕರೆಸಿದ್ದು ಅಮ್ಮನೇ. ಇಬ್ಬರಿಗೂ ಹಾಕಿದ್ದು ಒಂದೇ ತರಹದ ಸ್ಟೆಂಟ್. ಅಪ್ಪ ಈಗಲೂ ತೋಟಕ್ಕೆ ನಡೆದೇ ಹೋಗಿಬರುತ್ತಾರೆ.

‘ಹೆಂಗಸರಿಗೆ ಎದೆನೋವೇ ಬರಲ್ಲ’ ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಬಹುಪಾಲು ಹೆಂಗಸರಿಗೂ ಎದೆಯಲ್ಲಿ ಒತ್ತು, ಭಾರ, ಉರಿ ಇದ್ದೇ ಇರುತ್ತದೆ. ಅದರ ಜೊತೆ ದವಡೆ, ಕುತ್ತಿಗೆ, ಬೆನ್ನು, ತೋಳು ನೋಯುವುದು, ವಾಂತಿ ಬಂದ ಹಾಗೆ ಆಗುವುದು, ಉಸಿರು ಸಾಲದಿರುವುದು, ವಿಪರೀತ ಸುಸ್ತು ಗಂಡಸರಿಗಿಂತ ಜಾಸ್ತಿ. ಹಾಗಾಗಿ ಹೇಳುವವರೂ ಕೇಳುವವರೂ ಎದೆಯ ವಿಷಯ ಬಿಟ್ಟು ಉಳಿದದ್ದನ್ನೇ ಹಿಡಿದುಕೊಳ್ಳುತ್ತಾರೆ. ಅಮೆರಿಕದಲ್ಲಿ 55 ವರ್ಷದೊಳಗೆ ಹಾರ್ಟ್ ಅಟ್ಯಾಕ್ ಆದವರನ್ನು ವಿಚಾರಿಸಿದ್ದಾರೆ. ಅಟ್ಯಾಕ್‌ಗೆ ಮುಂಚೆಯೇ ಇದೇ ತೊಂದರೆಗೆ ಡಾಕ್ಟರ್ ಬಳಿ ಹೋಗಿದ್ದವರಲ್ಲಿ ‘ಇದು ಹಾರ್ಟ್‌ದಲ್ಲ’ ಅನ್ನಿಸಿಕೊಂಡು ಬಂದ ಹೆಂಗಸರು ನೂರಕ್ಕೆ 53, ಗಂಡಸರು 37. ಅಲ್ಲೇ ಹೀಗೆ ಅಂದಮೇಲೆ ನಮ್ಮ ಊರಿನ ಕ್ಲಿನಿಕ್ ಒಂದನ್ನೇ ಬೈದು ಏನು ಪ್ರಯೋಜನ!

ನೆನಪಿಡಬೇಕಾದದ್ದು ಇಷ್ಟೇ. ಗದ್ದದಿಂದ ಹೊಕ್ಕುಳವರೆಗೆ ಎಲ್ಲೇ ಆಗಲಿ, ಹಿಂದೆಂದೂ ಬರದಂಥ ನೋವು, ಒತ್ತು ಅಥವಾ ಉರಿ ಹದಿನೈದು ನಿಮಿಷ ಮೀರಿ ನಿಂತರೆ, ಜೊತೆಗೆ ಬೆವರು ಅಥವಾ ಉಸಿರಾಟದ ತೊಂದರೆ ಇದ್ದರೆ, ಇಸಿಜಿ ಆಗುವವರೆಗೆ ಅದಕ್ಕೆ ಗ್ಯಾಸ್ಟ್ರಿಕ್ ಅಂತ ಹೆಸರಿಡಬೇಡಿ.

ನಾವು ಇರೋದು ಪಾವಗಡದ ಕಡೆ. ಮೊದಲು ಎಲ್ಲಿಗೆ ಓಡಬೇಕು?

ಇಸಿಜಿ ಎಲ್ಲಿ ಬೇಗ ಆಗುತ್ತದೋ ಅಲ್ಲಿಗೆ. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಆಸುಪಾಸು, ಅಲ್ಲಿಂದ ಬೆಂಗಳೂರಿಗೆ ಇನ್ನೊಂದು ಎಪ್ಪತ್ತು. ‘ಸೀದಾ ದೊಡ್ಡಾಸ್ಪತ್ರೆಗೆ’ ಅಂತ ಹೊರಟು ದಾರಿಯಲ್ಲೇ ಹೊತ್ತು ಕಳೆದವರನ್ನು ಕಂಡಿದ್ದೇನೆ.

2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇಂಥ ಊರುಗಳಿಗೇ ಮಾಡಿದ್ದು. ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ದೊಡ್ಡ ಅಟ್ಯಾಕ್ ಅಂತ ಕಂಡರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಹಾಕುತ್ತಾರೆ. ಆಮೇಲೆ ಬ್ಲಾಕ್ ಎಲ್ಲಿದೆ ಅಂತ ನೋಡುವ ಆಂಜಿಯೋಗ್ರಾಂಗೆ ಮುಂದಕ್ಕೆ ಕಳಿಸುತ್ತಾರೆ. ಡಾಕ್ಟರ್‌ಗಳು ಪಾಲಿಸುವ ನಿಯಮವೂ ಅದೇ: ಇಸಿಜಿ ನೋಡಿದ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಬಲೂನು, ಸ್ಟೆಂಟ್ ಹಾಕಿ ನಾಳ ತೆರೆಯುವುದು) ಮಾಡಲು ಆಗದಂತಿದ್ದರೆ ಮೊದಲು ಇಂಜೆಕ್ಷನ್.

ನಮ್ಮ ದೇಶದ 20,468 ಹೃದಯ ರೋಗಿಗಳ ದಾಖಲೆ 2008ರಲ್ಲಿ ಬಂತು. ತೊಂದರೆ ಶುರುವಾಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಜನರಿಗೆ ಆರು ಗಂಟೆ ದಾಟಿತ್ತು. ಆಸ್ಪತ್ರೆಯೊಳಗೆ ಹೋದ ಮೇಲೆ ಇಂಜೆಕ್ಷನ್‌ಗೆ ಹಿಡಿದದ್ದು ಐವತ್ತು ನಿಮಿಷದಷ್ಟೇ. ಮನೆ ಮತ್ತು ರಸ್ತೆಯಲ್ಲಿ ಹೋದ ಹೊತ್ತೇ ಹೆಚ್ಚು. ಹೆಂಗಸರ ಲೆಕ್ಕದಲ್ಲಿ ‘ಮಗ ಕೆಲಸದಿಂದ ಬರಲಿ’ ಅನ್ನುವ ಹೊತ್ತನ್ನೂ ಸೇರಿಸಿಕೊಳ್ಳಿ. 108ಕ್ಕೆ ಫೋನ್ ಮಾಡಲು ಮಗ ಬರಬೇಕಿಲ್ಲ.

ಸ್ಟೆಂಟ್ ಕೈಯಿಂದ ತೂರಿಸಿ ಹಾಕ್ತಾರಂತೆ, ಬಳೆ ತೆಗೀಬೇಕಾ?

ನಗಬೇಡಿ, ಇದು ನನ್ನನ್ನು ನಿಜವಾಗಿಯೂ ಕೇಳುವ ಪ್ರಶ್ನೆ. ತೆಗೆಯಬೇಕು. ಅಮ್ಮನ ಗಾಜಿನ ಬಳೆ ಹತ್ತು ವರ್ಷದಿಂದ ಕೈಬಿಟ್ಟಿರಲಿಲ್ಲ. ಸಿಸ್ಟರ್ ಸೋಪು ನೀರು ಹಚ್ಚಿ ಒಂದೊಂದೇ ಜಾರಿಸಿ ತೆಗೆದರು. ಒಂದೂ ಒಡೆಯಲಿಲ್ಲ. ಅಮ್ಮ ಡಿಸ್ಚಾರ್ಜ್ ಆದ ಮೇಲೆ ಸ್ಟೆಂಟ್‌ಗಿಂತ ಆ ಬಳೆ ಕಥೆಯನ್ನೇ ಜಾಸ್ತಿ ಹೇಳಿದಳು.

ಮಣಿಕಟ್ಟಿನ ನಾಳದಿಂದ ಹೋದರೆ ತೊಡೆಸಂದಿಯಿಂದ ಹೋಗುವುದಕ್ಕಿಂತ ರಕ್ತಸ್ರಾವ ಕಮ್ಮಿ. ಈ ಲಾಭ ಹೆಂಗಸರಿಗೇ ಹೆಚ್ಚು ಬೇಕಾದದ್ದು, ಯಾಕೆಂದರೆ ಚುಚ್ಚಿದ ಜಾಗದಲ್ಲಿ ರಕ್ತ ಸೋರುವುದು, ಗೆಡ್ಡೆ ಕಟ್ಟುವುದು ಅವರಲ್ಲೇ ಹೆಚ್ಚು. ತಮಾಷೆ ಅಂದರೆ, ಹೆಂಗಸರ ಮಣಿಕಟ್ಟಿನ ನಾಳವೂ ಸಣ್ಣದು, ಬೇಗ ಬಿಗಿದುಕೊಳ್ಳುತ್ತದೆ. ಹಾಗಾಗಿ ಕೆಲವೊಮ್ಮೆ ಕೈಯಲ್ಲಿ ಶುರು ಮಾಡಿ ತೊಡೆಗೆ ಹೋಗಬೇಕಾಗುತ್ತದೆ. ಹಾಗಾದರೆ ಡಾಕ್ಟರ್‌ಗೆ ಕೈ ಪಳಗಿಲ್ಲ ಅಂದುಕೊಳ್ಳಬೇಡಿ. ಮುಂಚೆಯೇ ‘ಕೈಯಿಂದ ಆಗುತ್ತಾ ಸಾರ್?’ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಬರ್ತಿದೆ, ಮಾತ್ರೆ ನಿಲ್ಲಿಸ್ಲಾ?

ನಿಲ್ಲಿಸಬೇಡಿ. ಸ್ಟೆಂಟ್ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್ ಕೊಟ್ಟಿರುತ್ತಾರೆ. ಜನ ಇದನ್ನು ‘ರಕ್ತ ತೆಳು ಮಾಡೋ ಮಾತ್ರೆ’ ಅನ್ನುತ್ತಾರೆ. ಸಣ್ಣ ನೀಲಿ ಕಲೆ, ಹಲ್ಲುಜ್ಜುವಾಗ ಚೂರು ರಕ್ತ ಎಲ್ಲರಿಗೂ ಬರುತ್ತದೆ. ಮಲ ಡಾಂಬರಿನ ಹಾಗೆ ಕಪ್ಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ತಲೆ ಸಿಡಿದು ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೂ ಮಲ ಕಪ್ಪಾಗುತ್ತದೆ, ಅದನ್ನೂ ಹೇಳಿ.

ಹೆಂಗಸರಲ್ಲಿ ರಕ್ತಸ್ರಾವ ಜಾಸ್ತಿ ಯಾಕೆ? ತೂಕ ಕಮ್ಮಿ, ವಯಸ್ಸು ಜಾಸ್ತಿ, ಕಿಡ್ನಿ ನಿಧಾನ, ಆದರೆ ಮಾತ್ರೆಯ ಅಳತೆ ಮಾತ್ರ ಬಹಳ ಸಲ ಗಂಡಸಿಗೆ ಕೊಡುವಷ್ಟೇ. ಉದಾಹರಣೆಗೆ ಪ್ರಾಸುಗ್ರೆಲ್ 10 ಮಿಲಿಗ್ರಾಂ ಇರುತ್ತದೆ. ತೂಕ 60 ಕಿಲೋಗಿಂತ ಕಮ್ಮಿ ಇದ್ದರೆ 5 ಸಾಕು ಅನ್ನುತ್ತದೆ ನಿಯಮ. ನಮ್ಮ ಕಡೆ 48, 50 ಕಿಲೋ ತೂಗುವ ಹೆಂಗಸರು ಬೇಕಾದಷ್ಟು. ಅಂಥ ಚೀಟಿ ಬಂದಾಗ ನಾನು ಸುಮ್ನೆ ಕೊಡುವುದಿಲ್ಲ, ‘ಅಮ್ಮಾ, ತೂಕ ಎಷ್ಟು?’ ಅಂತ ಕೇಳಿ ಡಾಕ್ಟರ್‌ಗೆ ಒಂದು ಫೋನ್ ಹಾಕುತ್ತೇನೆ.

ಇದರ ಮೇಲೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತ ಕಮ್ಮಿ. ಮೊದಲೇ ಹಿಮೋಗ್ಲೋಬಿನ್ 9 ಇರುವವರಿಗೆ ಸ್ವಲ್ಪ ರಕ್ತ ಹೋದರೂ ಕಷ್ಟ. ಸ್ಟೆಂಟ್ ಹಾಕುವ ಮೊದಲು, ಹಾಕಿದ ಮೇಲೆ ಒಂದೆರಡು ತಿಂಗಳಿಗೆ ಒಮ್ಮೆ ಅದನ್ನು ನೋಡಿಸಿ.

ಅಕ್ಕಾ, ಮುಟ್ಟಾದಾಗ ತುಂಬಾ ಹೋಗ್ತಿದೆ. ಆ ಮೂರು ದಿನ ಮಾತ್ರೆ ಬಿಡಬಹುದಾ?

ಅಂಗಡಿ ಖಾಲಿಯಾಗುವವರೆಗೆ ಕಾದು ಕೇಳುವ ಪ್ರಶ್ನೆ ಇದೇ. ಬಿಡಬೇಡಿ. ಮೊದಲ ತಿಂಗಳುಗಳಲ್ಲಿ ಮೂರು ದಿನ ಮಾತ್ರೆ ತಪ್ಪಿದರೂ ಸ್ಟೆಂಟ್ ದಿಢೀರ್ ಮುಚ್ಚಿಕೊಳ್ಳುವ ಅಪಾಯ ಇದೆ. ಹಾಗೆ ಮುಚ್ಚಿದರೆ ಅದು ಇನ್ನೊಂದು ದೊಡ್ಡ ಹಾರ್ಟ್ ಅಟ್ಯಾಕ್.

ಹಾಗಂತ ಸಹಿಸಿಕೊಂಡು ಕೂರುವುದೂ ಬೇಡ. ಹೃದಯದ ಡಾಕ್ಟರ್‌ಗೂ ಹೆಂಗಸರ ಡಾಕ್ಟರ್‌ಗೂ ಇಬ್ಬರಿಗೂ ಹೇಳಿ. ಮಾತ್ರೆ ಬದಲಿಸಬಹುದು, ಎರಡು ಮಾತ್ರೆಯ ಅವಧಿ ಕಮ್ಮಿ ಮಾಡಬಹುದು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದ ಬಗ್ಗೆ ಯೋಚಿಸಬಹುದು. ದಾರಿಗಳಿವೆ.

ಆದರೆ ಇಂಥ ಎರಡು ಮಾತ್ರೆ ಇವೆ, ಸ್ಟೆಂಟ್ ಇರುವವರು ಚೀಟಿ ಇಲ್ಲದೆ ಕೇಳಿದರೆ ನಾನು ಕೊಡುವುದಿಲ್ಲ. ಒಂದು, ಹೆಚ್ಚು ಹೋಗುವುದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್. ಅದು ಹೆಪ್ಪನ್ನು ಕರಗಲು ಬಿಡುವುದಿಲ್ಲ. ಹೊಸ ಸ್ಟೆಂಟ್ ಇರುವವರಿಗೆ ಹೃದಯದ ಡಾಕ್ಟರ್ ಒಪ್ಪಿದರೆ ಮಾತ್ರ. ಇನ್ನೊಂದು, ಮುಟ್ಟು ಮುಂದೂಡುವ ನಾರ್‌ಎಥಿಸ್ಟೆರಾನ್. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ಗೃಹಪ್ರವೇಶ, ಧರ್ಮಸ್ಥಳಕ್ಕೆ ಹೋಗುವ ಹಿಂದಿನ ದಿನ ಇದಕ್ಕೆ ಸಾಲೇ ನಿಲ್ಲುತ್ತದೆ. ರಕ್ತ ಹೆಪ್ಪುಗಟ್ಟುವ ಸಂಭವವನ್ನು ಅದು ಹೆಚ್ಚಿಸಬಲ್ಲದು. ‘ನಮ್ಮತ್ತೆ ತರೋಕೆ ಹೇಳಿದ್ರು’ ಅಂತ ಒಬ್ಬಾಕೆ ನನ್ನ ಮುಂದೆ ಕಣ್ಣೀರಿಟ್ಟಿದ್ದಾಳೆ. ಅತ್ತೆಯನ್ನೇ ಕರೆದುಕೊಂಡು ಬಾ ಅಂದೆ. ಬಂದರು, ಕೂರಿಸಿ ಹೇಳಿದೆ, ಅರ್ಥವಾಯಿತು.

ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯೂ ಹಾರ್ಟ್ ಅಟ್ಯಾಕ್ ಆದವರಿಗೆ ಬೇಡ. ಮಗು ಬೇಕು ಅನ್ನುವವರು ಬಸುರಿಯಾಗುವ ಮೊದಲೇ ಡಾಕ್ಟರ್‌ಗೆ ಹೇಳಿ, ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಮಾತ್ರೆ) ಮತ್ತು ಬಿಪಿಯ ಕೆಲವು ಮಾತ್ರೆ ಬದಲಾಯಿಸಬೇಕಾಗುತ್ತದೆ.

ಮಂಡಿನೋವಿಗೆ ಮಾತ್ರೆ ತಗೋಬಹುದಾ?

ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ತೊಂದರೆ ಇಲ್ಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಇವು ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಸಂಭವ ಏರುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಮಂಡಿ ಸವೆತ ಹೆಂಗಸರಿಗೇ ಹೆಚ್ಚು, ಈ ಮಾತ್ರೆ ಕೊಳ್ಳುವವರಲ್ಲೂ ಅವರೇ ಹೆಚ್ಚು. ಸ್ಟೆಂಟ್ ಆಗಿದೆ ಅಂತ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ. ಹಾಗೇ ಕ್ಲೋಪಿಡೋಗ್ರೆಲ್ ನುಂಗುವವರು ಗ್ಯಾಸಿಗೆ ಒಮೆಪ್ರಜೋಲ್ ಬದಲು ಪ್ಯಾಂಟೊಪ್ರಜೋಲ್ ಕೇಳಿ. ಒಮೆಪ್ರಜೋಲ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ.

ಆಂಜಿಯೋ ನಾರ್ಮಲ್ ಅಂದ್ರು, ಆದ್ರೂ ಎದೆನೋವು ಹೋಗಿಲ್ಲ. ನಾಟಕ ಅಂತಾರೆ ಮನೇಲಿ.

ನಾಟಕ ಅಲ್ಲ. ಆಂಜಿಯೋಗ್ರಾಂನಲ್ಲಿ ಕಾಣುವುದು ದೊಡ್ಡ ನಾಳಗಳು ಮಾತ್ರ. ಹೈವೇ ಖಾಲಿ ಇದ್ದರೂ ಊರೊಳಗಿನ ಓಣಿ ಕಟ್ಟಿಕೊಂಡಿರಬಹುದಲ್ವಾ? ಆ ಸಣ್ಣ ನಾಳಗಳ ತೊಂದರೆ ಹೆಂಗಸರಲ್ಲಿ ಹೆಚ್ಚು. ಅದಕ್ಕೆ ಸ್ಟೆಂಟ್ ಇಲ್ಲ, ಮಾತ್ರೆ ಇದೆ. ಸ್ಟೆಂಟ್ ಹಾಕಿಸಿದ ಮೇಲೂ ಕೆಲವು ಹೆಂಗಸರಿಗೆ ನಡೆದಾಗ ಎದೆ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಆದರೆ ಸ್ಟೆಂಟ್ ಇರುವವರಿಗೆ ಮತ್ತೆ ನೋವು ಬಂದರೆ ಮೊದಲು ಸ್ಟೆಂಟ್ ಮುಚ್ಚಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು.

ಇನ್ನೆರಡು ಕಾಯಿಲೆಗಳ ಹೆಸರು ಗೊತ್ತಿರಲಿ. ಒಂದರಲ್ಲಿ ರಕ್ತನಾಳದ ಗೋಡೆಯ ಪದರ ತಾನಾಗಿ ಸೀಳಿಕೊಳ್ಳುತ್ತದೆ. ಸ್ಕ್ಯಾಡ್ ಅನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಜನ ಹೆಂಗಸರು, ಶುಗರ್ ಬಿಪಿ ಏನೂ ಇಲ್ಲದ ಬಾಣಂತಿಯರಿಗೂ ಬರುತ್ತದೆ. ರಕ್ತದ ಹರಿವು ಪರವಾಗಿಲ್ಲ ಅನ್ನುವಂತಿದ್ದರೆ ಡಾಕ್ಟರ್ ಸ್ಟೆಂಟ್ ಹಾಕದೆ ಕಾಯುತ್ತಾರೆ, ಅದು ತಾನೇ ಮಾಯುವುದೇ ಹೆಚ್ಚು. ‘ಅಟ್ಯಾಕ್ ಅಂದ್ರು, ಸ್ಟೆಂಟ್ ಹಾಕಲಿಲ್ಲ’ ಅಂತ ಜಗಳಕ್ಕೆ ನಿಲ್ಲಬೇಡಿ. ಇನ್ನೊಂದು ಟಾಕೊತ್ಸುಬೊ. ಸಾವಿನ ಸುದ್ದಿ ಕೇಳಿದಂಥ ದೊಡ್ಡ ಆಘಾತದ ಬೆನ್ನಿಗೆ ಹೃದಯ ಹಾರ್ಟ್ ಅಟ್ಯಾಕ್ ಆದಂತೆಯೇ ಸೋಲುತ್ತದೆ, ನಾಳದಲ್ಲಿ ಬ್ಲಾಕ್ ಇರುವುದಿಲ್ಲ. ಮುಟ್ಟು ನಿಂತ ಹೆಂಗಸರಲ್ಲೇ ಬಹುತೇಕ. ‘ಎದೆ ಒಡೀತು’ ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದರಲ್ಲಿ ಏನೋ ಇತ್ತು.

ಮನೆಗೆಲಸ ಯಾವಾಗ ಶುರು ಮಾಡಬಹುದು?

ಗಂಡಸರ ಕಡೆಯವರು ‘ಕೆಲಸಕ್ಕೆ ಯಾವಾಗ ಹೋಗಬಹುದು’ ಅಂತ ಡಾಕ್ಟರ್‌ನ ಕೇಳುತ್ತಾರೆ. ಹೆಂಗಸರ ವಿಷಯದಲ್ಲಿ ಯಾರೂ ಕೇಳುವುದೇ ಇಲ್ಲ, ಆಕೆ ಮನೆಗೆ ಬಂದ ಸಂಜೆಯೇ ಒಲೆ ಮುಂದೆ ಇರುತ್ತಾಳೆ.

ಕೈಯಿಂದ ಮಾಡಿದ್ದರೆ ಒಂದು ವಾರ ಆ ಕೈಯಲ್ಲಿ ಬಿಂದಿಗೆ, ಹಾಲಿನ ಕ್ಯಾನು ಎತ್ತುವುದು, ಬಟ್ಟೆ ಹಿಂಡುವುದು ಬೇಡ. ಮುದ್ದೆ ತಿರುಗಿಸುವುದೂ ಬೇಡ. ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವುವುದರಲ್ಲಿ ಮಣಿಕಟ್ಟಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಡಾಕ್ಟರ್‌ಗೆ ಗೊತ್ತಿರಲಿಕ್ಕಿಲ್ಲ, ನಮಗೆ ಗೊತ್ತು. ಅಮ್ಮನ ಮನೆಯಲ್ಲಿ ಆ ವಾರ ಅಪ್ಪ ತಿರುಗಿಸಿದರು. ಗಂಟು ಗಂಟು ಮುದ್ದೆ. ಎಲ್ಲರೂ ತೆಪ್ಪಗೆ ತಿಂದೆವು.

ಹಾರ್ಟ್ ಅಟ್ಯಾಕ್ ಆಗಿದ್ದರೆ ಹೆಚ್ಚು ಹುಷಾರಿ ಬೇಕು, ಪಂಪಿಂಗ್ ಎಷ್ಟಿದೆ ಅನ್ನುವುದರ ಮೇಲೆ ಡಾಕ್ಟರ್ ಹೇಳುತ್ತಾರೆ. ನಡಿಗೆ ಮಾತ್ರ ಬೇಗ ಶುರುವಾಗಬೇಕು. ಮೊದಲು ಐದು ಹತ್ತು ನಿಮಿಷ, ನಿಧಾನಕ್ಕೆ ಅರ್ಧ ಗಂಟೆ. ಇದಕ್ಕೆ ಕಾರ್ಡಿಯಾಕ್ ರಿಹ್ಯಾಬ್ ಅನ್ನುವ ತರಬೇತಿಯೇ ಇದೆ. ಪ್ರಪಂಚದಲ್ಲಿ ಎಲ್ಲಾ ಕಡೆ ಹೆಂಗಸರನ್ನು ಅದಕ್ಕೆ ಕಳಿಸುವುದು ಕಮ್ಮಿ, ಕಳಿಸಿದರೂ ಅವರು ಪೂರ್ತಿ ಮಾಡುವುದು ಕಮ್ಮಿ. ಅಮಾನಿಕೆರೆ ಪಾರ್ಕಿನಲ್ಲಿ ಸಂಜೆ ನಡೆಯುವ ನನ್ನ ಗಿರಾಕಿಗಳಲ್ಲೂ ಗಂಡಸರೇ ಹೆಚ್ಚು. ‘ಮನೆಯಲ್ಲೇ ದಿನವಿಡೀ ಓಡಾಡ್ತೀನಲ್ಲ’ ಅನ್ನುತ್ತಾರೆ ಹೆಂಗಸರು. ಅದು ದುಡಿಮೆ, ನಡಿಗೆ ಬೇರೆ.

ಗಂಡ ಹೆಂಡತಿ ಸೇರುವ ವಿಷಯ ಗಂಡಸರು ಪಿಸುಗುಟ್ಟಿ ಕೇಳುತ್ತಾರೆ, ಹೆಂಗಸರು ಕೇಳುವುದೇ ಇಲ್ಲ. ಇಬ್ಬರಿಗೂ ಒಂದೇ ಉತ್ತರ: ಏದುಸಿರು, ಎದೆನೋವು ಇಲ್ಲದೆ ಎರಡು ಮಹಡಿ ಹತ್ತುವಂತಾದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಒಂದು ವರ್ಷ ಆಯ್ತು, ಚೆನ್ನಾಗಿದ್ದೀನಿ. ಇನ್ನೂ ಎಷ್ಟು ದಿನ ಈ ಮಾತ್ರೆ?

ರಕ್ತ ತೆಳು ಮಾಡೋ ಎರಡು ಮಾತ್ರೆಯಲ್ಲಿ ಒಂದನ್ನು ಮುಂದೆ ಯಾವತ್ತಾದರೂ ಪೂರ್ತಿ ನಿಲ್ಲಿಸುತ್ತಾರೆ. ಹಾರ್ಟ್ ಅಟ್ಯಾಕ್ ಆಗಿ ಹಾಕಿದ್ದರೆ ಸಾಮಾನ್ಯವಾಗಿ ಒಂದು ವರ್ಷ, ಅಟ್ಯಾಕ್ ಇಲ್ಲದೆ ಹಾಕಿದ್ದರೆ ಆರು ತಿಂಗಳು, ರಕ್ತಸ್ರಾವದ ಭಯ ಹೆಚ್ಚಿದ್ದರೆ ಇನ್ನೂ ಕಮ್ಮಿ. ಯಾವುದು, ಯಾವಾಗ ಅಂತ ಹೇಳುವುದು ಡಾಕ್ಟರ್. ಇನ್ನೊಂದು ಮಾತ್ರೆ ಮತ್ತು ಕೊಲೆಸ್ಟ್ರಾಲ್ ಮಾತ್ರೆ ಬದುಕಿರುವಷ್ಟು ದಿನ.

ಕೌಂಟರಿನಲ್ಲಿ ಕಂಡದ್ದೊಂದು ಹೇಳುತ್ತೇನೆ. ಗಂಡ, ಹೆಂಡತಿ ಇಬ್ಬರಿಗೂ ಮಾತ್ರೆ ಇರುವ ಮನೆಗಳು ನನ್ನ ಪುಸ್ತಕದಲ್ಲಿ ಬೇಕಾದಷ್ಟಿವೆ. ದುಡ್ಡು ಬಿಗಿಯಾದ ತಿಂಗಳು ಯಜಮಾನರದ್ದು ಮೂವತ್ತೂ ದಿನಕ್ಕೆ ಹೋಗುತ್ತದೆ. ‘ನಂದು ಹತ್ತು ಕೊಡಿ ಸಾಕು, ಇನ್ನೂ ಮನೇಲಿದೆ’ ಅನ್ನುತ್ತಾಳೆ ಆಕೆ. ಮನೆಯಲ್ಲಿ ಇರುವುದಿಲ್ಲ, ನನ್ನ ಲೆಕ್ಕ ಹೇಳುತ್ತದೆ. ಟಿಕಾಗ್ರೆಲಾರ್ ದಿನಕ್ಕೆರಡು ನುಂಗಬೇಕು, ಒಂದು ನುಂಗಿ ಹತ್ತು ದಿನದ್ದನ್ನು ಇಪ್ಪತ್ತು ದಿನ ಎಳೆಯುವವರಿದ್ದಾರೆ. ದುಡ್ಡಿನ ತೊಂದರೆ ಇದ್ದರೆ ಬಾಯಿಬಿಡಿ. ಜನೌಷಧಿ ಕೇಂದ್ರದಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ. ನನ್ನ ವ್ಯಾಪಾರ ಹೋಗುತ್ತೆ ಅಂತ ನಾನೇನೂ ಮುಚ್ಚಿಡುವುದಿಲ್ಲ.

ಉಪವಾಸದ ದಿನವೂ ಮಾತ್ರೆ ನುಂಗಿ. ಏಕಾದಶಿ ಇರಲಿ, ಶಿವರಾತ್ರಿ ಇರಲಿ. ಹಾಲು ಹಣ್ಣು ತಿಂದೇ ಇರುತ್ತೀರಿ, ಅದರ ಜೊತೆ ನುಂಗಬಹುದು. ಶುಗರ್ ಮಾತ್ರೆ ಇದ್ದರೆ ಉಪವಾಸದ ಬಗ್ಗೆ ಮೊದಲೇ ಕೇಳಿ.

ಖರ್ಚು?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ, ಅದರಲ್ಲಿ ಸ್ಟೆಂಟ್ ಕೂಡ ಸೇರಿದೆ. ಸ್ಟೆಂಟ್ ಬೆಲೆಗೂ ಸರ್ಕಾರದ ಮಿತಿ ಇದೆ. 2017ರ ಫೆಬ್ರವರಿಯಲ್ಲಿ ಔಷಧಿ ಲೇಪಿಸಿದ್ದಕ್ಕೆ ₹29,600 ಅಂತ ನಿಗದಿಯಾಯಿತು. ಆಮೇಲೆ ಆಗಾಗ ಬದಲಾಗಿದೆ. ಅದಕ್ಕೂ ಮುಂಚೆ ಒಂದೊಂದಕ್ಕೆ ಲಕ್ಷ ಮೀರಿ ಕಟ್ಟಿದ ಬಿಲ್ಲುಗಳನ್ನು ನಾನೇ ನೋಡಿದ್ದೇನೆ.

ಸ್ಟೆಂಟ್ ಕಾರ್ಡ್ ಅಂತ ಕೊಟ್ಟಿದ್ದಾರೆ. ಅದನ್ನ ಏನು ಮಾಡಬೇಕು?

ಯಾವ ಸ್ಟೆಂಟ್, ಎಷ್ಟು ಅಳತೆ, ಯಾವ ನಾಳಕ್ಕೆ, ಯಾವತ್ತು ಹಾಕಿದರು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಹಲ್ಲು ಕೀಳಿಸಲು, ಬೇರೆ ಆಪರೇಷನ್‌ಗೆ, ಎಂಆರ್‌ಐ ಮಾಡಿಸಲು ಹೋದಾಗ ತೋರಿಸಬೇಕು. ಈಗಿನ ಸ್ಟೆಂಟ್‌ಗಳು ಇದ್ದರೂ ಎಂಆರ್‌ಐ ಮಾಡಿಸಬಹುದು, ಆದರೆ ಕಾರ್ಡ್ ಕೇಳುತ್ತಾರೆ.

ಅಪ್ಪನ ಕಾರ್ಡ್ ಅವರ ಜೇಬಿನಲ್ಲಿ, ವೋಟರ್ ಐಡಿ ಜೊತೆ ಇದೆ. ಅಮ್ಮನದು ಎಲ್ಲಿ ಅಂತ ಕೇಳಿದರೆ ‘ನಿನ್ನ ತಮ್ಮನ ಬೀರುವಲ್ಲಿ ಇರಬೇಕು’ ಅಂದಳು. ತಮ್ಮ ಇರುವುದು ಬೆಂಗಳೂರಿನ ಪೀಣ್ಯದಲ್ಲಿ. ತರಿಸಿ, ಲ್ಯಾಮಿನೇಟ್ ಮಾಡಿಸಿ, ಎಲೆಅಡಿಕೆ ಚೀಲದಲ್ಲಿ ಇಟ್ಟೆ. ಹೊಗೆಸೊಪ್ಪಿನ ಡಬ್ಬಿ ಇದ್ದ ಜಾಗ ಅದು.